ದುಃಖ ಹೇಳಿಸುವ ಗುಂಪು ಬೇಡ, ಮುಯ್ಯಾಳಿನ ಗುಂಪು ಮಾಡಿ

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರ್. ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ 16 ಹೆಂಗಸರಿದ್ದಾರೆ. ಅವರಲ್ಲಿ ಏಳೆಂಟು ಜನ ಒಳಗೊಳಗೇ ಕುಗ್ಗಿಹೋಗಿದ್ದಾರೆ. ಒಬ್ಬರ ಗಂಡ ತೀರಿಕೊಂಡು ಎರಡು ವರ್ಷವಾಯಿತು. ಇನ್ನೊಬ್ಬರ ಮಗ ಕುಡಿತಕ್ಕೆ ಬಿದ್ದಿದ್ದಾನೆ. ಮತ್ತೊಬ್ಬರಿಗೆ ರಾತ್ರಿ ನಿದ್ದೆಯೇ ಇಲ್ಲ. ಕಳೆದ ವರ್ಷ ಪೇಟೆಯಿಂದ ಒಬ್ಬರು ಬಂದು ಒಂದು ದಿನ ‘ಗ್ರೂಪ್ ಥೆರಪಿ’ ಮಾಡಿದರು. ಎಲ್ಲರನ್ನೂ ಸುತ್ತ ಕೂರಿಸಿ ಅವರವರ ಕಷ್ಟ ಹೇಳಿಸಿದರು. ಒಬ್ಬಾಕೆ ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟಳು. ಸಂಜೆಯೊಳಗೆ ಅದು ಊರೆಲ್ಲ ಸುದ್ದಿ. ಈಗ ಅವಳು ಸಂಘಕ್ಕೂ ಬರುತ್ತಿಲ್ಲ. ಈ ಗುಂಪು ಚಿಕಿತ್ಸೆ ನಮ್ಮಂಥ ಹಳ್ಳಿಗೆ ಆಗಿಬರುತ್ತದೆಯೇ? ನಾನೇ ಏನಾದರೂ ಮಾಡಬಹುದೇ? ಮಾಡಿದರೆ ಅದಕ್ಕೆ ಏನೆಂದು ಹೆಸರಿಡಲಿ?

ಉತ್ತರ: ಟೀಚರ್, ಮೊದಲು ಆ ಹೆಂಗಸಿನ ಮನೆಗೆ ಒಂದು ಸಲ ಹೋಗಿ ಬನ್ನಿ. ಗುಂಪಿನ ಮಾತು ಎತ್ತಬೇಡಿ, ಸಂಘಕ್ಕೆ ಯಾಕೆ ಬರುತ್ತಿಲ್ಲ ಅಂತಲೂ ಕೇಳಬೇಡಿ. ಕೆಸುವಿನ ಎಲೆಯನ್ನೋ ಹುಳಿಕಾಯನ್ನೋ ಕೊಡುವ ನೆಪ ಮಾಡಿಕೊಂಡು ಹೋಗಿ, ಹತ್ತು ನಿಮಿಷ ಕೂತು ಎದ್ದು ಬನ್ನಿ. ಅವಳು ಅತ್ತಿದ್ದರಲ್ಲಿ ತಪ್ಪೇನಿಲ್ಲ. ಅಳಿಸಿ, ಕಣ್ಣು ಒರೆಸುವ ಮೊದಲೇ ಜೀಪು ಹತ್ತಿ ಹೋದವರದ್ದು ತಪ್ಪು.

ಒಂದೇ ದಿನ ಎಲ್ಲರಿಂದ ಕಷ್ಟ ಹೇಳಿಸುವುದು ಗುಂಪು ಚಿಕಿತ್ಸೆಯೇ ಅಲ್ಲ. ಆಸ್ಪತ್ರೆಯಲ್ಲೂ ಹಳ್ಳಿಯಲ್ಲೂ ಇಷ್ಟು ವರ್ಷ ಕೆಲಸ ಮಾಡಿದ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ಇಷ್ಟು ಹೇಳಬಲ್ಲೆ: ಗುಂಪು ನಿಮ್ಮ ಊರಿಗೆ ಖಂಡಿತ ಆಗಿಬರುತ್ತದೆ. ಆದರೆ ಅದು ನಿಮ್ಮ ಊರಿನ ಥರದ್ದೇ ಆಗಿರಬೇಕು.

ಗುಂಪು ಚಿಕಿತ್ಸೆಯ ಮೂಲ ಹುಚ್ಚಾಸ್ಪತ್ರೆ ಅಂತ ತುಂಬ ಜನ ತಿಳಿದಿದ್ದಾರೆ. ಹಾಗೇನಿಲ್ಲ. 1905ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಜೋಸೆಫ್ ಪ್ರಾಟ್ ಎಂಬ ವೈದ್ಯರು ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಟ್ಟಿಗೆ ಕೂರಿಸಿ ಊಟ, ವಿಶ್ರಾಂತಿ, ಶುಚಿತ್ವದ ಪಾಠ ಹೇಳತೊಡಗಿದರು. ಪಾಠಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ರೋಗಿಗಳು ಒಬ್ಬರನ್ನೊಬ್ಬರು ನೋಡಿ ಪಡೆದ ಧೈರ್ಯ. ಆಮೇಲೆ 1970ರಲ್ಲಿ ಇರ್ವಿನ್ ಯಾಲೊಮ್ ಎಂಬ ಮನೋವೈದ್ಯರು ಗುಂಪಿನಲ್ಲಿ ಏನೇನು ವಾಸಿಮಾಡುತ್ತದೆ ಅಂತ ಬಿಡಿಸಿ ಬರೆದರು. ಅವರ ಪಟ್ಟಿ ಉದ್ದವಿದೆ, ನಿಮಗೆ ಎರಡು ಸಾಕು. ‘ಇದು ನನಗೊಬ್ಬಳಿಗೇ ಬಂದಿದ್ದಲ್ಲ’ ಎಂದು ಗೊತ್ತಾಗುವುದು ಒಂದು. ‘ನನ್ನಿಂದಲೂ ಇನ್ನೊಬ್ಬರಿಗೆ ಉಪಯೋಗವಾಯಿತು’ ಎಂದು ಅನ್ನಿಸುವುದು ಇನ್ನೊಂದು.

ಎರಡನೆಯದನ್ನು ನಾವು ಮರೆತೇಬಿಡುತ್ತೇವೆ. ಗಂಡ ಸತ್ತವಳಿಗೆ ಎರಡು ವರ್ಷದಿಂದ ಊರು ಬರೀ ಅಯ್ಯೋ ಪಾಪ ಅಂದಿದೆ. ಪಾಪ ಅನ್ನಿಸಿಕೊಂಡು ಅನ್ನಿಸಿಕೊಂಡು ಮನುಷ್ಯ ಸಣ್ಣಗಾಗುತ್ತಾನೆ. ನಮ್ಮ ಕಡೆ ನಾಟಿ ಕಾಲದಲ್ಲಿ ಮುಯ್ಯಾಳು ಹೋಗುತ್ತಿದ್ದರಲ್ಲ? ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಅದರಲ್ಲಿ ಯಾರೂ ಯಾರಿಗೂ ಉಪಕಾರ ಮಾಡುತ್ತಿರಲಿಲ್ಲ, ಹಾಗಾಗಿ ಯಾರಿಗೂ ತಲೆ ತಗ್ಗಿಸಬೇಕಾಗಿರಲಿಲ್ಲ. ಒಳ್ಳೆಯ ಗುಂಪು ನಡೆಯುವುದೂ ಈ ಲೆಕ್ಕದಲ್ಲೇ. ಬಂದವಳು ಬರೀ ಪಡೆದುಕೊಂಡು ಹೋಗಬಾರದು, ಏನಾದರೂ ಕೊಟ್ಟು ಹೋಗಬೇಕು.

ಇದಕ್ಕೆಂದೇ ಓದದವರೂ ಇದನ್ನು ನಡೆಸಬಲ್ಲರೇ ಎನ್ನುವ ಅನುಮಾನ ನಿಮಗಿರಬಹುದು. ಉಗಾಂಡದ ಹಳ್ಳಿಗಳಲ್ಲಿ ನಡೆದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. 30 ಹಳ್ಳಿ, ಗಂಡಸರಿಗೆ ಬೇರೆ ಗುಂಪು, ಹೆಂಗಸರಿಗೆ ಬೇರೆ ಗುಂಪು, ವಾರಕ್ಕೊಮ್ಮೆ ಒಂದೂವರೆ ಗಂಟೆಯಂತೆ 16 ವಾರ. ನಡೆಸಿದವರು ಡಾಕ್ಟರಲ್ಲ, ಎರಡು ವಾರ ತರಬೇತಿ ಪಡೆದ ಅಲ್ಲಿನ ಜನರೇ. ಶುರುವಿನಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಖಿನ್ನತೆ ಇತ್ತು. ಕೊನೆಗೆ ಗುಂಪಿಗೆ ಹೋದವರಲ್ಲಿ ಖಿನ್ನತೆ ಉಳಿದದ್ದು ನೂರಕ್ಕೆ 6.5ರಷ್ಟು ಜನರಲ್ಲಿ, ಗುಂಪಿಲ್ಲದ ಹಳ್ಳಿಗಳಲ್ಲಿ ನೂರಕ್ಕೆ 54.7ರಷ್ಟು. ಉಗಾಂಡದ ಲೆಕ್ಕ ಮೂಡಿಗೆರೆಗೆ ಹಾಗೇ ಹೊಂದುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಅವರು ಮಾಡಿದ ಮೊದಲ ಕೆಲಸ ನೋಡಿ. ‘ಡಿಪ್ರೆಶನ್’ ಎನ್ನುವ ಪದವನ್ನು ಹೊತ್ತುಕೊಂಡು ಹೋಗಲಿಲ್ಲ. ಈ ಕಾಯಿಲೆಗೆ ನೀವು ಏನನ್ನುತ್ತೀರಿ ಅಂತ ಊರವರನ್ನೇ ಕೇಳಿದರು. ಜಿಂಬಾಬ್ವೆಯಲ್ಲಿ ಅಜ್ಜಿಯರು ಆಸ್ಪತ್ರೆಯ ಹೊರಗೆ ಮರದ ಬೆಂಚಿನ ಮೇಲೆ ಕೂತು ಮಾತಾಡಿಸುವ ಕೆಲಸ 2006ರಲ್ಲಿ ಶುರುವಾಯಿತು. ಅಲ್ಲಿಯ ಶೋನಾ ಭಾಷೆಯಲ್ಲಿ ಈ ಕಾಯಿಲೆಗೆ ‘ಕುಫುಂಗಿಸಿಸಾ’ ಅನ್ನುತ್ತಾರೆ. ಅರ್ಥ ಏನು ಗೊತ್ತೇ? ಯೋಚನೆ ಜಾಸ್ತಿಯಾಗುವುದು! ನಮ್ಮವರು ಹೇಳುವುದೂ ಅದನ್ನೇ ಅಲ್ವಾ?

ಹಾಗಾಗಿ ಗುಂಪಿನಲ್ಲಿ ಖಿನ್ನತೆ, ಆತಂಕ ಎಂಬ ಪದಗಳನ್ನು ಬಳಸಲೇಬೇಡಿ. ಎದೆ ಭಾರ, ಹೊಟ್ಟೆಯೊಳಗೆ ಸಂಕಟ, ಕೈಕಾಲು ಸೋಲು, ತಲೆಯೊಳಗೆ ಏನೋ ಹರಿದ ಹಾಗೆ, ಯಾವುದೂ ಬೇಡ ಅನ್ನಿಸುವುದು. ಅವರು ಏನು ಹೇಳುತ್ತಾರೋ ಅದನ್ನೇ ನೀವೂ ಹೇಳಿ. ಮಲೆನಾಡಿನ ಹೆಂಗಸು ‘ಬೇಜಾರು’ ಅಂದಾಗ ಅದರೊಳಗೆ ಬೇಸರ, ದುಃಖ, ಕೋಪ, ಸುಸ್ತು ನಾಲ್ಕೂ ಇರುತ್ತವೆ. ಯಾವುದು ಅಂತ ಕೇಳಿದರೆ ತಾನಾಗಿ ಹೇಳುತ್ತಾಳೆ.

ಈಗ ಕಸುವಿನ, ಅಂದರೆ ಒಳಗಿನ ಶಕ್ತಿಯ ವಿಷಯ. ರೋಗ ಹುಡುಕುವ ಬದಲು ವ್ಯಕ್ತಿಯಲ್ಲಿ ಏನು ಗಟ್ಟಿಯಾಗಿ ಉಳಿದಿದೆ ಅಂತ ಹುಡುಕಿ, ಅಲ್ಲಿಂದ ಶುರುಮಾಡುವ ಪದ್ಧತಿ ಇದು. ಕೇಳಲು ಸುಲಭ, ಮಾಡಲು ಅಲ್ಲ. ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಮೊದಲ ಸಲ ಒಂದು ಎಸ್ಟೇಟಿನ ಲೈನ್ ಮನೆಗಳ (ಕೂಲಿಯವರ ಸಾಲುಮನೆಗಳ) ಹೆಂಗಸರ ಗುಂಪು ಮಾಡಿದಾಗ ಚಾರ್ಟು ತೂಗುಹಾಕಿ, ‘ನಿಮ್ಮಲ್ಲಿರುವ ಶಕ್ತಿಗಳು ಯಾವುವು?’ ಅಂತ ಕೇಳಿದೆ. ಒಬ್ಬರೂ ಬಾಯಿ ಬಿಡಲಿಲ್ಲ. ಒಬ್ಬಾಕೆ ಮಾತ್ರ, ‘ನಾವೇನು ಓದಿದವರಾ ಮೇಡಂ, ನಮಗೇನ್ ಬರುತ್ತೆ’ ಅಂದಳು. ಮುಂದಿನ ವಾರ ಟೀ ಕುಡಿಯುವಾಗ ಅದೇ ಹೆಂಗಸು ಬೋರರ್ ಹುಡುಕುವ ಮಾತಾಡುತ್ತಿದ್ದಳು. ಅರೇಬಿಕಾ ಕಾಫಿ ಗಿಡದ ಕಾಂಡದೊಳಗೆ ಈ ಹುಳು ಕೊರೆಯುತ್ತಿದ್ದರೆ ತೊಗಟೆ ಮೇಲೆ ಉಬ್ಬಿದ ಗೆರೆ ಬರುತ್ತದೆ. ದೂರದಿಂದ ಗಿಡ ಚೆನ್ನಾಗಿಯೇ ಕಾಣುತ್ತದೆ, ಕೈ ಆಡಿಸಿದರೆ ಗೊತ್ತಾಗುತ್ತದೆ. ಮೇಸ್ತ್ರಿಗೂ ಸಿಗದ ಗಿಡ ಅವಳ ಕೈಗೆ ಸಿಗುತ್ತಿತ್ತಂತೆ. ನಾನು ಸುಮ್ನೆ ಕೇಳಿದೆ: ‘ಜನರಲ್ಲೂ ಹಾಗೆ ಗೊತ್ತಾಗುತ್ತಾ ನಿಮಗೆ?’ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಪಕ್ಕದಲ್ಲಿದ್ದವಳ ಕಡೆ ತಿರುಗಿ, ‘ನೀನು ನಾಲ್ಕು ದಿನದಿಂದ ಬುತ್ತಿ ಬಿಚ್ಚುತ್ತಿಲ್ಲ’ ಅಂದಳು. ಆ ಗುಂಪು ಶುರುವಾದದ್ದು ಅವತ್ತು. ನನ್ನ ಚಾರ್ಟಿನಿಂದ ಅಲ್ಲ. (ಗುರುತು ಸಿಗದಿರಲಿ ಅಂತ ಒಂದೆರಡು ವಿವರ ಬದಲಿಸಿದ್ದೇನೆ.)

ಆದ್ದರಿಂದ ಶಕ್ತಿ ಏನು ಅಂತ ನೇರವಾಗಿ ಕೇಳಬೇಡಿ. ಕೆಲಸದ ಮೂಲಕ ಕೇಳಿ. ‘ಇಷ್ಟೆಲ್ಲ ಆದಮೇಲೂ ಬೆಳಿಗ್ಗೆ ಏಳುತ್ತೀರಲ್ಲ, ಏನು ಏಳಿಸುತ್ತೆ?’ ಇದು ನನಗೆ ತುಂಬ ಕೆಲಸಕ್ಕೆ ಬಂದ ಪ್ರಶ್ನೆ. ಒಬ್ಬರು, ‘ಹಸು ಕೂಗುತ್ತೆ’ ಅಂದರು. ಎಲ್ಲರೂ ನಕ್ಕರು. ‘ಹಸು ನಿಮ್ಮನ್ನೇ ಯಾಕೆ ಕರೆಯುತ್ತೆ?’ ಅಂದೆ. ‘ನಾನಲ್ಲದೆ ಬೇರೆಯವರು ಕೂತರೆ ಹಾಲು ಇಳಿಸಲ್ಲ.’ ಅಷ್ಟು ಸಾಕು. ತನ್ನನ್ನು ಯಾರಿಗೂ ಬೇಡ ಅಂದುಕೊಂಡಿದ್ದವರ ಬಾಯಿಂದಲೇ ಬಂದ ಮಾತದು. ನಾನೇ ‘ನೀವು ಎಲ್ಲರಿಗೂ ಬೇಕಾದವರು’ ಅಂದಿದ್ದರೆ ಆ ಕಿವಿಯಲ್ಲಿ ಕೇಳಿ ಈ ಕಿವಿಯಲ್ಲಿ ಬಿಡುತ್ತಿದ್ದರು.

ಮರದ ಚಿತ್ರ ಬರೆಯುವ ಒಂದು ವಿಧಾನವೂ ಇದೆ. ಆಫ್ರಿಕಾದ ದಕ್ಷಿಣ ಭಾಗದಲ್ಲಿ ಏಡ್ಸ್‌ನಿಂದ ಮನೆಯವರನ್ನು ಕಳೆದುಕೊಂಡ ಮಕ್ಕಳಿಗಾಗಿ ಎನ್‌ಕಝೆಲೊ ಎನ್‌ಕುಬೆ ಮತ್ತು ಡೇವಿಡ್ ಡೆನ್‌ಬರೋ ರೂಪಿಸಿದ್ದು. ಬೇರು ಅಂದರೆ ಎಲ್ಲಿಂದ ಬಂದವರು, ನೆಲ ಅಂದರೆ ದಿನನಿತ್ಯದ ಬದುಕು, ಕಾಂಡ ಅಂದರೆ ತನಗೆ ಏನೇನು ಮಾಡಲು ಬರುತ್ತದೆ, ಕೊಂಬೆ ಅಂದರೆ ಮುಂದಿನ ಆಸೆ, ಎಲೆ ಅಂದರೆ ಜೊತೆಗಿದ್ದ ಜನ, ಹಣ್ಣು ಅಂದರೆ ಅವರಿಂದ ಪಡೆದದ್ದು. ಎಲ್ಲರ ಮರಗಳನ್ನೂ ಒಟ್ಟಿಗೆ ಇಟ್ಟರೆ ಕಾಡು. ಆಮೇಲೆಯೇ ಗಾಳಿಮಳೆಯ ಮಾತು. ಅಂದರೆ ಕಷ್ಟದ ವಿಷಯ ಬರುವ ಹೊತ್ತಿಗೆ ನಿಲ್ಲಲು ಒಂದು ನೆಲ ಸಿಕ್ಕಿರುತ್ತದೆ. ಪೇಟೆಯಿಂದ ಬಂದವರು ತಲೆಕೆಳಗು ಮಾಡಿದ್ದು ಇದನ್ನೇ. ಮೊದಲೇ ಗಾಳಿಗೆ ಒಡ್ಡಿದರು.

ನಿಮ್ಮ ಕಡೆ ಮರ ಬರೆಯಲು ಹೇಳಿಕೊಡಬೇಕಾಗಿಲ್ಲ. ಯಾವ ಮರ ಅಂತ ಅವರೇ ಆರಿಸಲಿ. ಒಬ್ಬರು ಹಲಸು ಅನ್ನುತ್ತಾರೆ, ಒಬ್ಬರು ಮತ್ತಿ ಅನ್ನುತ್ತಾರೆ. ಒಬ್ಬಾಕೆ ಸಿಲ್ವರ್ ಓಕ್ ಬರೆದು, ‘ಎಷ್ಟು ಸಲ ಕೊಂಬೆ ಕಡಿದರೂ ಮೆಣಸಿನ ಬಳ್ಳಿ ಬಿಟ್ಟಿಲ್ಲ’ ಅಂದಿದ್ದಳು. ಬರೆಯಲು ಸಂಕೋಚವಾದರೆ ನೆಲದ ಮೇಲೆ ಕಡ್ಡಿ, ಎಲೆ, ಕಾಫಿ ಬೀಜ ಜೋಡಿಸಲಿ. ಬೇರಿನ ಭಾಗಕ್ಕೆ ಬಂದಾಗ ತವರಿನ ಮಾತು ಬರುತ್ತದೆ. ಅಲ್ಲಿ ಆತುರ ಮಾಡಬೇಡಿ. ಅಜ್ಜಿ ಹೇಳಿಕೊಟ್ಟ ಸೋಬಾನೆ ಪದ ಯಾರಿಗಾದರೂ ನೆನಪಾದರೆ ಹಾಡಿಸಿ. ನಮ್ಮ ಹೆಂಗಸರು ನೇರವಾಗಿ ಹೇಳಲಾಗದ್ದನ್ನು ಬೀಸುವಾಗ, ನಾಟಿ ಮಾಡುವಾಗ ಹಾಡಿನಲ್ಲಿ ಹೇಳಿಕೊಂಡು ಬಂದವರು.

ಇಲ್ಲಿ ಒಂದು ಎಚ್ಚರಿಕೆ, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಗಂಡನಿಂದ ಹೊಡೆತ ತಿನ್ನುವವಳ ಸಹನೆಯನ್ನು ಶಕ್ತಿ ಅಂತ ಹೊಗಳಬೇಡಿ. ‘ಭೂಮಿತಾಯಿ ಹಾಗೆ ತಡಕೊಂಡಿದ್ದಾಳೆ’ ಎನ್ನುವ ಮಾತು ಗುಂಪಿನಲ್ಲಿ ಬಂದೇ ಬರುತ್ತದೆ. ಆಗ, ತಡೆದುಕೊಂಡಿದ್ದು ಹೌದು, ಮಕ್ಕಳನ್ನು ಆ ರಾತ್ರಿ ಪಕ್ಕದ ಮನೆಗೆ ದಾಟಿಸಿದ್ದು ಯಾರು ಅಂತ ಕೇಳಿ. ಶಕ್ತಿ ಇರುವುದು ಅಲ್ಲಿ. ಮಹಿಳಾ ಸಹಾಯವಾಣಿ 181ರ ಬಗ್ಗೆ ಎಲ್ಲರೆದುರು, ಯಾರೊಬ್ಬರನ್ನೂ ಉದ್ದೇಶಿಸದ ಹಾಗೆ ಹೇಳಿಬಿಡಿ. ಹಾಗೆಯೇ ಊರಿನ ಪದ್ಧತಿಗೆ ಹೊಂದಿಕೊಂಡು ಹೋಗಿ ಅಂದರೆ ಎಲ್ಲದಕ್ಕೂ ತಲೆಯಾಡಿಸಿ ಅಂತ ಅಲ್ಲ. ಒಬ್ಬರಿಗೆ ಸ್ಟೀಲ್ ಲೋಟ, ಇನ್ನೊಬ್ಬರಿಗೆ ಪೇಪರ್ ಲೋಟ ಕೊಡುವ ಕಡೆ ಎಂಥ ಚಿಕಿತ್ಸೆಯೂ ನಾಟುವುದಿಲ್ಲ.

ಯಾರನ್ನು ಸೇರಿಸಬೇಕು ಎಂಬುದರಲ್ಲೇ ಅರ್ಧ ಕೆಲಸವಿದೆ. ಆರರಿಂದ ಹತ್ತು ಜನ ಸಾಕು. ಅತ್ತೆ ಸೊಸೆ ಒಂದೇ ಗುಂಪಿನಲ್ಲಿ ಬೇಡ. ತೋಟದ ಯಜಮಾನರ ಮನೆಯವರೂ ಅದೇ ತೋಟದ ಆಳುಗಳೂ ಒಟ್ಟಿಗೆ ಕೂತರೆ ಮಾತಾಡುವವರು ಯಜಮಾನರ ಮನೆಯವರು ಮಾತ್ರ. ಶುರುವಾದ ಮೇಲೆ ಮಧ್ಯದಲ್ಲಿ ಹೊಸಬರನ್ನು ಸೇರಿಸಬೇಡಿ. ನಂಬಿಕೆ ಅನ್ನುವುದು ಹೆಪ್ಪು ಹಾಕಿದ ಹಾಲಿನ ಹಾಗೆ, ಅಲ್ಲಾಡಿಸಿದರೆ ಮೊಸರಾಗುವುದಿಲ್ಲ.

ಸಂಘದ ಸಭೆಯ ದಿನವೇ ಇದನ್ನೂ ಮಾಡಿಬಿಡೋಣ ಅಂತ ನಿಮಗನ್ನಿಸಬಹುದು. ದಯವಿಟ್ಟು ಬೇಡ. ಸಾಲದ ಕಂತು ಕಟ್ಟಲಾಗದವಳು ಅವತ್ತು ಬರುವುದಿಲ್ಲ, ಮತ್ತು ಎಲ್ಲರಿಗಿಂತ ಮೊದಲು ಬರಬೇಕಾದವಳು ಅವಳೇ. ದೇವಸ್ಥಾನದ ಜಗಲಿಯೂ ಬೇಡ. ಮುಟ್ಟಾದವರು ಬರುವುದಿಲ್ಲ, ಕೆಲವರನ್ನು ಮೊದಲಿನಿಂದಲೂ ಜಗಲಿ ಹತ್ತಿಸಿಲ್ಲ. ಮಕ್ಕಳು ಹೋದಮೇಲೆ ನಿಮ್ಮ ಅಂಗನವಾಡಿಯೇ ಒಳ್ಳೆಯದು. ಅಲ್ಲಿಗೆ ಹೋಗಲು ಯಾರಿಗೂ ಕಾರಣ ಹೇಳಬೇಕಾಗಿಲ್ಲ.

ಹೊತ್ತಿನ ವಿಷಯ ನಿಮಗೇ ಚೆನ್ನಾಗಿ ಗೊತ್ತು. ಅರೇಬಿಕಾ ಕೊಯ್ಲು, ಅದರ ಬೆನ್ನಿಗೆ ರೋಬಸ್ಟಾ ಕೊಯ್ಲು ನಡೆಯುವ ತಿಂಗಳುಗಳಲ್ಲಿ ಗುಂಪು ಮಾಡಲು ಹೊರಟರೆ ನಾಲ್ಕು ಜನವೂ ಸಿಗುವುದಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದಮೇಲೆ ಸ್ವಲ್ಪ ಬಿಡುವು ಸಿಗುತ್ತದಲ್ಲ, ಆಗ ಶುರುಮಾಡಿ. ಜೋರು ಮಳೆ ಹಿಡಿಯುವ ಮೊದಲು ಎಂಟು ವಾರ ಮುಗಿಸಬಹುದು. ಆನೆ ಓಡಾಡುವ ಕಡೆಯಾದರೆ ನಾಲ್ಕು ಗಂಟೆಯೊಳಗೆ ಎಲ್ಲರೂ ಮನೆ ಸೇರುವ ಹಾಗಿರಲಿ. ಸಕಲೇಶಪುರ, ಆಲೂರಿನ ಕಡೆ ಗುಂಪು ಮಾಡುವಾಗ ಹೆಂಗಸರು ಮಾತಿನ ಮಧ್ಯೆ ಗಡಿಯಾರ ನೋಡುತ್ತಿದ್ದುದನ್ನು ಆಸಕ್ತಿ ಇಲ್ಲ ಅಂತ ಒಬ್ಬ ವಿದ್ಯಾರ್ಥಿನಿ ಬರೆದುಕೊಂಡಿದ್ದಳು. ಪಾಪ, ಅವರಿಗೆ ಆನೆಯ ಯೋಚನೆ!

ಗುಟ್ಟಿನ ವಿಷಯಕ್ಕೆ ಬರೋಣ, ನಿಮಗೆ ಪೆಟ್ಟು ಬಿದ್ದಿದ್ದೇ ಅಲ್ಲಿ. ಊರೆಲ್ಲ ನೆಂಟರಾಗಿರುವ ಕಡೆ ‘ಇಲ್ಲಿ ಕೇಳಿದ್ದು ಇಲ್ಲೇ’ ಎನ್ನುವ ನಿಯಮವನ್ನು ನೀವು ಹೇಳಿದರೆ ಸಾಲದು, ಅವರೇ ಕಟ್ಟಬೇಕು. ‘ಮನೆಗೆ ಹೋದಮೇಲೆ ಏನು ಮಾಡಿದಿರಿ ಅಂತ ಅತ್ತೆ ಕೇಳಿದರೆ ಏನು ಹೇಳುತ್ತೀರಿ?’ ಅಂತ ಮೊದಲ ದಿನವೇ ಕೇಳಿ. ಎಲ್ಲರೂ ಸೇರಿ ಒಂದು ಉತ್ತರ ಮಾಡಿಕೊಳ್ಳಲಿ. ನನಗೆ ತಿಳಿದ ಒಂದು ಗುಂಪು ‘ಮರ ಬರೆದೆವು’ ಎಂದು ಹೇಳಲು ಒಪ್ಪಿಕೊಂಡಿತ್ತು. ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಆದರೆ ಒಂದು ವಿನಾಯಿತಿಯನ್ನು ಮೊದಲೇ ಹೇಳಿಬಿಡಿ: ಯಾರ ಜೀವಕ್ಕಾದರೂ ಅಪಾಯ ಇದೆ ಅಂತ ಅನ್ನಿಸಿದರೆ ನೀವು ಸುಮ್ಮನಿರುವುದಿಲ್ಲ, ಸಹಾಯ ಮಾಡುವವರಿಗೆ ತಿಳಿಸುತ್ತೀರಿ.

ಯಾರಾದರೂ ಅತ್ತರೆ ಗಾಬರಿಯಾಗಬೇಡಿ. ‘ಅಳಬೇಡ, ಧೈರ್ಯ ತಗೋ’ ಅನ್ನಬೇಡಿ. ‘ಮುಂದೆ ಹೇಳಬೇಕಾ, ಸ್ವಲ್ಪ ಹೊತ್ತು ಸುಮ್ಮನಿರೋಣವಾ?’ ಅಂತ ಕೇಳಿ. ಆಮೇಲೆ ಉಳಿದವರ ಕಡೆ ತಿರುಗಿ, ಸಲಹೆ ಬೇಡ, ಇವರ ಮಾತು ಕೇಳಿ ನಿಮಗೆ ನಿಮ್ಮದೇನು ನೆನಪಾಯಿತು ಅಂತ ಕೇಳಿ. ಸಲಹೆ ಕೊಡುವವರು ಮೇಲೆ ಕೂತಿರುತ್ತಾರೆ, ತಮ್ಮದನ್ನು ಹೇಳುವವರು ಪಕ್ಕದಲ್ಲಿ ಕೂತಿರುತ್ತಾರೆ. ಯಾರನ್ನೂ ಅಳುವ ಸ್ಥಿತಿಯಲ್ಲೇ ಮನೆಗೆ ಕಳಿಸಬೇಡಿ, ಕೊನೆಯ ಕಾಲು ಗಂಟೆ ಟೀ, ಹಾಡು, ನಾಳಿನ ಒಂದು ಸಣ್ಣ ಕೆಲಸದ ಮಾತು ಇರಲಿ. ಮರುದಿನ ಒಂದು ಸಲ ಮಾತಾಡಿಸಿ.

ದೇವರು ನೋಡಿಸುವುದು, ಮೈಮೇಲೆ ಬರುವುದು, ಮಾಟದ ಅನುಮಾನ ಇವೆಲ್ಲ ಬಂದಾಗ ವಾದಕ್ಕೆ ಇಳಿಯಬೇಡಿ. ಅಲ್ಲಿಗೆ ಹೋಗಿ ಬಂದಮೇಲೆ ಏನು ಹಗುರಾಯಿತು ಅಂತ ಕೇಳಿದರೆ ಆಕೆಗೆ ಏನು ಬೇಕಿತ್ತು ಅಂತ ತಿಳಿಯುತ್ತದೆ. ಎಷ್ಟೋ ಸಲ, ಎಲ್ಲರೂ ತನ್ನ ಮಾತು ಕೇಳಿದ್ದು ಅವತ್ತೊಂದೇ ದಿನ ಆಗಿರುತ್ತದೆ. ಒಂದೇ ಒಂದು ಹಠ ಹಿಡಿಯಿರಿ. ಡಾಕ್ಟರ್ ಕೊಟ್ಟ ಮಾತ್ರೆಯನ್ನು ಅವರನ್ನು ಕೇಳದೆ ನಿಲ್ಲಿಸುವಂತಿಲ್ಲ.

ನೀವು ಮಾಡಬಾರದ್ದು ಯಾವುದು ಅಂತಲೂ ಹೇಳಬೇಕು. ನಿದ್ದೆಯೇ ಇಲ್ಲ ಅಂದಿರಲ್ಲ, ಅವರನ್ನು ಗುಂಪಿಗೆ ಕರೆಯುವ ಮೊದಲು ಡಾಕ್ಟರಿಗೆ ತೋರಿಸಿ. ಕನ್ನಡದಲ್ಲೂ ಇರುವ ಪಿಎಚ್‌ಕ್ಯೂ-9 ಎಂಬ, ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಹಾಳೆಯನ್ನು ನಿಮ್ಮ ಉಪಕೇಂದ್ರದ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಜೊತೆ ಕೂತು ಕೇಳಬಹುದು. ಒಟ್ಟು 27ರಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರು ನೋಡಲೇಬೇಕು. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದ್ದು. ಅದಕ್ಕೆ ‘ಹೌದು’ ಅಂದರೆ ಒಟ್ಟು ಎಷ್ಟೇ ಬರಲಿ, ಅವತ್ತೇ ಗಮನ ಕೊಡಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಎಂಬ ಭಯ ತುಂಬ ಜನರಿಗಿದೆ. ಹಾಗಾಗುವುದಿಲ್ಲ, ಕೇಳಿದ್ದಕ್ಕೆ ಮನಸ್ಸು ಹಗುರಾದವರೇ ಜಾಸ್ತಿ. ಅಂಥವರನ್ನು ಒಂಟಿಯಾಗಿ ಬಿಡಬೇಡಿ, ಮನೆಯಲ್ಲಿ ತೋಟಕ್ಕೆ ಹೊಡೆಯುವ ಔಷಧಿ (ಕೀಟನಾಶಕ) ಇದ್ದರೆ ಬೇರೆಯವರ ಮನೆಗೆ ಸಾಗಿಸಿ ಬೀಗ ಹಾಕಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಇಲ್ಲದ ದನಿ ಕೇಳಿಸುವವರು, ತುಂಬ ಕುಡಿತದಲ್ಲಿರುವವರು ಇವರಿಗೂ ಮೊದಲು ವೈದ್ಯರು, ಗುಂಪು ಆಮೇಲೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ (ಸರ್ಕಾರದ ಮಾನಸಿಕ ಆರೋಗ್ಯ ತಪಾಸಣೆ) ಯಾವ ದಿನ ಅಂತ ವಿಚಾರಿಸಿ. ಚಿಕ್ಕಮಗಳೂರಿನ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನೂ ಕಂಡು, ಮೊದಲ ಎರಡು ವಾರ ಒಬ್ಬರು ಜೊತೆಗೆ ಕೂರಲಿ ಅಂತ ಕೇಳಿ. ಮೂರನೇ ವಾರದಿಂದ ನೀವು ನಡೆಸಿ, ತಿಂಗಳಿಗೊಮ್ಮೆ ಅವರ ಜೊತೆ ಮಾತಾಡಿ. ಇದು ಗುಂಪಿನ ಹೆಂಗಸರಿಗಾಗಿ ಮಾತ್ರ ಅಲ್ಲ. ಏಳೆಂಟು ಜನರ ದುಃಖ ಕೇಳಿ ಮನೆಗೆ ಹೋಗಿ ಅಡುಗೆ ಮಾಡುವುದು ನೀವು, ಅದನ್ನು ಇಳಿಸಲು ನಿಮಗೂ ಒಂದು ಜಾಗ ಬೇಕು. ಆಸ್ಪತ್ರೆಗೆ ಕರೆದುಕೊಂಡು ಹೋಗಲು ಸರ್ಕಾರಿ ಬಸ್ಸಾದರೆ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ ಅನ್ನುವುದು ಸರಿ, ನಿಮ್ಮ ರೂಟಿನಲ್ಲಿ ಓಡುವುದು ಬರೀ ಪ್ರೈವೇಟ್ ಬಸ್ಸಾಗಿದ್ದರೆ ಆ ಮಾತು ನಿಮ್ಮ ಮುಂದೆ ಹೇಳಲು ನನಗೇ ನಾಚಿಕೆ.

ಕುಡಿಯುವ ಮಗನ ತಾಯಿಯ ಬಗ್ಗೆ ಒಂದು ಮಾತು. ಅವರಿಗೆ ಗುಂಪಿನಲ್ಲಿ ಉತ್ತರ ಸಿಗದೆ ಇರಬಹುದು, ಮಗ ಸರಿಹೋಗದೆಯೂ ಇರಬಹುದು. ಆದರೆ ‘ನಾನು ಸಾಕಿದ್ದರಲ್ಲೇ ತಪ್ಪಿತ್ತು’ ಎನ್ನುವುದನ್ನು ಇನ್ನೂ ಇಬ್ಬರು ತಾಯಂದಿರು ತಮ್ಮ ಬಗ್ಗೆ ಹೇಳಿಕೊಂಡಾಗ ಆ ಮಾತಿನ ತೂಕ ಸ್ವಲ್ಪ ಇಳಿಯುತ್ತದೆ. ಹೆಚ್ಚಿನದನ್ನು ಭರವಸೆ ಕೊಡಬೇಡಿ.

ಹೆಸರಿನ ಬಗ್ಗೆ ಕೇಳಿದ್ದೀರಿ. ‘ಮಾನಸಿಕ ಆರೋಗ್ಯ ಶಿಬಿರ’ ಅಂತ ಬೋರ್ಡು ಹಾಕಿದರೆ ಬಾಗಿಲ ತನಕ ಬಂದವರೂ ವಾಪಸ್ ಹೋಗುತ್ತಾರೆ. ಹಾಗಂತ ಟೈಲರಿಂಗ್ ಕ್ಲಾಸ್ ಅಂತ ಕರೆದು ಕೂರಿಸುವುದೂ ಮೋಸ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ, ಮನಸ್ಸು ಭಾರವಾದವರು ಎಂಟು ವಾರ ಒಟ್ಟಿಗೆ ಕೂರುತ್ತೇವೆ, ಬೇಡ ಅನ್ನಿಸಿದರೆ ಬಿಡಬಹುದು ಅಂತ ನಿಜವನ್ನೇ ಹೇಳಿ. ಹೆಸರು ಮಾತ್ರ ಅವರಿಗೇ ಬಿಡಿ. ನಾನು ಹೇಳಿದ ಆ ಲೈನ್ ಮನೆಯ ಗುಂಪಿಗೆ ಐದನೇ ವಾರದ ತನಕ ಹೆಸರೇ ಇರಲಿಲ್ಲ. ಆಮೇಲೆ ಅವರೇ ‘ಬುಧವಾರದವರು’ ಅಂತ ಕರೆದುಕೊಂಡರು. ಎಂಟು ವಾರ ಮುಗಿದು ನಾನು ಹೋಗುವುದು ನಿಂತಮೇಲೂ ಬುಧವಾರ ಕೂರುತ್ತಿದ್ದರಂತೆ. ಸಂತೆ ದಿನ ಬದಲಾಗಿ ಗುರುವಾರ ಕೂರುವ ಹಾಗಾದರೂ ಹೆಸರು ಬದಲಿಸಿಲ್ಲ.